ಭಾವನ ಗುಲಾಬಿ ಕುಡಿದ ಕಾಫಿ

ಹೋದ ತಿಂಗಳು ಸಂತೆಯ ದಿನ, ಗಿರಾಕಿಗಳ ಗದ್ದಲ ಒಂದಿಷ್ಟು ಇಳಿದ ಮೇಲೆ, ಹೆಣ್ಣುಮಗಳೊಬ್ಬರು ನನ್ನ ಅಂಗಡಿಗೆ ಬಂದು ಕೌಂಟರಿನ ಮೇಲೆ ಅಂಗೈಯಗಲದ ಖಾಲಿ ಪೊಟ್ಟಣ ಇಟ್ಟು, "ಸಾರ್, ಇದು ನಿಮ್ಮಲ್ಲಿ ಸಿಗುತ್ತಾ?" ಅಂತ ಕೇಳಿದರು. ಚಳ್ಳಕೆರೆಯಲ್ಲಿ ನನ್ನದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ಕನ್ನಡಕ ಏರಿಸಿ ನೋಡಿದೆ. ಹೊಳೆಯುವ ಹಾಳೆ, ಅದರ ಮೇಲೊಂದು ಗುಲಾಬಿ, ಗುಲಾಬಿಯ ಪಕ್ಕದಲ್ಲಿ ಹಬೆಯಾಡುವ ಲೋಟ. ಮೂಗಿನ ಹತ್ತಿರ ಹಿಡಿದೆ. ಮದುವೆಮನೆಯ ಹಿತ್ತಲಲ್ಲಿ, ಪಾತ್ರೆ ತೊಳೆಯುವ ಜಾಗದಲ್ಲಿ ಬರುತ್ತದಲ್ಲ, ಆರಿ ಹಳಸಿದ ಡಿಕಾಕ್ಷನ್ನಿನ ವಾಸನೆ, ಅದೇ ವಾಸನೆ. ಕಾಫಿ ಚರಟ! ನೀವೂ ನಾನೂ ದಿನಾ ಬೆಳಿಗ್ಗೆ ಫಿಲ್ಟರ್ ಬೋರಲು ಹಾಕಿ, ತಳಕ್ಕೆ ಎರಡು ಏಟು ಕೊಟ್ಟು, ಮೋರಿಗೋ ತೊಟ್ಟಿಗೋ ಚೆಲ್ಲುತ್ತೇವಲ್ಲ, ಆ ಚರಟವನ್ನೇ ಯಾರೋ ಪುಣ್ಯಾತ್ಮರು ಒಣಗಿಸಿ, ಪೊಟ್ಟಣ ಕಟ್ಟಿ, ಗಿಡಗಳ ಅಮೃತ ಅಂತ ಹೆಸರಿಟ್ಟು ಮಾರುತ್ತಿದ್ದಾರೆ.

ಆಕೆ ಕುದಾಪುರದ ಕಡೆ, ಹೊಸದಾಗಿ ಎದ್ದಿರುವ ಕ್ವಾರ್ಟರ್ಸಿನವರು. ಒಳ್ಳೆಯ ಓದಿದ ಮನೆತನ ಅಂತ ಮಾತಿನಲ್ಲೇ ಗೊತ್ತಾಗುತ್ತಿತ್ತು. ಅವರು ನನ್ನ ಅಂಗಡಿಗೆ ಬರಬೇಕಾದರೆ ದಾರಿಯಲ್ಲಿ ಎಷ್ಟು ಎಣ್ಣೆ ಮಿಲ್ಲು ದಾಟಿರಬೇಕು, ಎಷ್ಟು ಮಿಲ್ಲಿನ ಮುಂದೆ ಶೇಂಗಾ ಹಿಂಡಿಯ ಮೂಟೆ ಒಟ್ಟಿರಬೇಕು, ರಸ್ತೆಗಡ್ಡ ನಿಂತ ಎಷ್ಟು ಕುರಿಹಿಂಡಿಗೆ ಕಾರಿನ ಹಾರ್ನ್ ಹೊಡೆದಿರಬೇಕು! ಗಿಡಕ್ಕೆ ಬೇಕಾದ ಹಿಂಡಿ, ಕುರಿಗೊಬ್ಬರ, ಶೇಂಗಾ ಸಿಪ್ಪೆ ಈ ಮೂರನ್ನೂ ಕಾಲಲ್ಲಿ ತುಳಿಯುತ್ತ ಓಡಾಡುವ ಊರಿದು. ಅಂಥ ಊರಿಗೆ ಬಂದು ಪೊಟ್ಟಣದ ಚರಟ ಕೇಳುತ್ತಾರಲ್ಲ ಅಂತ ನನಗೆ ನಗು ಬಂತು. ಬಂದಿದ್ದನ್ನು ತಡೆದುಕೊಳ್ಳುವ ಜಾಯಮಾನ ನನ್ನದಲ್ಲ. ಗಟ್ಟಿಯಾಗಿ ನಕ್ಕೆ. "ಗಿಡಕ್ಕೆ ಬರೀ ಕಾಫಿ ಸಾಕಾ ಮೇಡಂ, ಜೊತೆಗೆ ಬಿಸ್ಕತ್ತು ಬೇಡವಾ?" ಅಂದೆ. ಆಕೆ ಪೊಟ್ಟಣ ಎತ್ತಿಕೊಂಡು ಹೊರಟುಹೋದರು.

ಅಂಗಡಿಯವನು ಗಿರಾಕಿಯ ಮುಖದ ಮೇಲೆ ನಗಬಾರದು. ಗೊತ್ತು. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನು ನಕ್ಕಿದ್ದು ಆಕೆಯನ್ನು ನೋಡಿ ಅಲ್ಲ. ಆ ವಾಸನೆಯ ಹಿಂದೆ ನನ್ನ ಭಾವ ನಿಂತಿದ್ದರು. ಭಾವನ ಹಿಂದೆ ಇನ್ನೊಬ್ಬ ನಿಂತಿದ್ದ. ಅವನ ಮುಖ ನೋಡಬಾರದು ಅಂತಲೇ ನಾನು ಈ ವಿಷಯಕ್ಕೆಲ್ಲ ಮೊದಲು ನಕ್ಕುಬಿಡುವುದು.

ನನ್ನ ಅಕ್ಕನನ್ನು ಕೊಟ್ಟಿದ್ದು ಮೊಳಕಾಲ್ಮೂರಿಗೆ. ಭಾವನದು ರೇಷ್ಮೆ ಸೀರೆ ವ್ಯಾಪಾರ. ಮನೆಯ ಮುಂಭಾಗದಲ್ಲೇ ಬಿಳಿ ಹಾಸಿಗೆ ಹಾಕಿದ ಪಡಸಾಲೆ. ಅಲ್ಲಿ ಗಿರಾಕಿಗಳು ಕೂತು ಸೀರೆ ಬಿಚ್ಚಿಸಿ ನೋಡುತ್ತಿದ್ದರು. ನಾನು ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ, ಎಲ್ಲೂ ಕೆಲಸ ಸಿಗದೆ, ಎರಡು ವರ್ಷ ಅವರ ಮನೆಯಲ್ಲಿದ್ದೆ. ಸೀರೆ ಬಿಚ್ಚುವುದು, ಮಡಚುವುದು, ಗಿರಾಕಿ ಎದ್ದುಹೋದ ಮೇಲೆ ಭಾವ ಅವರನ್ನು ಬೈಯುವುದನ್ನು ಕೇಳುವುದು, ಇಷ್ಟು ನನ್ನ ಕೆಲಸ. ಚಳ್ಳಕೆರೆಯಲ್ಲಿ ಗೊಬ್ಬರದ ಅಂಗಡಿ ಹಾಕಬೇಕೆಂಬ ಆಸೆ ನನಗೆ ಆಗಲೇ ಇತ್ತು. ಏಜೆನ್ಸಿ ಕೊಡುವವರು ಭಾವನ ಸ್ನೇಹಿತರು. "ಒಂದು ಮಾತು ಹೇಳ್ತೀನಿ ಬಿಡಯ್ಯ" ಅಂತ ಭಾವ ವಾರಕ್ಕೊಮ್ಮೆ ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ಅವರ ಎಲ್ಲ ಮಾತಿಗೂ ತಲೆಯಾಡಿಸುತ್ತಿದ್ದೆ.

ನಮ್ಮ ಕಡೆ ಟೀ ಕುಡಿಯುವವರೇ ಹೆಚ್ಚು. ಮಗ್ಗದ ಮನೆಗಳಿಗೆ ಬೆಳಿಗ್ಗೆ ಸಾಯಂಕಾಲ ಕೆಟಲಿನಲ್ಲಿ ಟೀ ಬರುತ್ತದೆ, ಮಗ್ಗ ನಿಲ್ಲಿಸದೆ ಎಡಗೈಲಿ ಲೋಟ ಹಿಡಿದು ಕುಡಿಯುವವರನ್ನೂ ನಾನು ನೋಡಿದ್ದೇನೆ. ಭಾವನಿಗೆ ಮಾತ್ರ ಕಾಫಿಯೇ ಆಗಬೇಕು. ಕಾಫಿ ಅವರಿಗೆ ಬರೀ ಕುಡಿಯುವ ಪದಾರ್ಥ ಆಗಿರಲಿಲ್ಲ, ತಾವು ಯಾರೆಂದು ಊರಿಗೆ ಸಾರುವ ಬೋರ್ಡು ಆಗಿತ್ತು. ಹಿತ್ತಾಳೆಯ ಫಿಲ್ಟರಿಗೆ ಪುಡಿ ಹಾಕಿ ಒತ್ತುವುದು ಅವರೇ, ನೀರು ಹೊಯ್ಯುವುದು ಅವರೇ. ಇಳಿಯುವ ತನಕ ಪಕ್ಕದಲ್ಲಿ ಕೂತು, ಪುಡಿ ಯಾವ ತೋಟದ್ದು, ಎಷ್ಟು ಹದಕ್ಕೆ ಹುರಿದದ್ದು ಅಂತ ಎದುರಿಗಿದ್ದವರಿಗೆ ಹೇಳುವುದೂ ಅವರೇ. ಎದುರಿಗೆ ಯಾರೂ ಇಲ್ಲದಿದ್ದರೆ ನನಗೆ ಹೇಳುತ್ತಿದ್ದರು. ಹೊರಗಿನ ಊರಿನ ಗಿರಾಕಿಗೆ ಕಾಫಿ, ಮಗ್ಗದವರು ಸೀರೆ ತಂದುಕೊಟ್ಟರೆ ಟೀ. ಈ ಕಾನೂನನ್ನು ಅಕ್ಕ ಒಂದು ಸಲ ಮರೆತು ನೇಕಾರನೊಬ್ಬನಿಗೆ ಕಾಫಿ ಕೊಟ್ಟಿದ್ದಕ್ಕೆ ಭಾವ ಮಧ್ಯಾಹ್ನದ ಊಟ ಬಿಟ್ಟಿದ್ದರು. ರಾತ್ರಿ ಎರಡು ಪಟ್ಟು ಉಂಡರು, ಅದು ಬೇರೆ.

ಚರಟವನ್ನೂ ಅವರು ಬಿಡುತ್ತಿರಲಿಲ್ಲ. ಕಾಂಪೌಂಡಿನೊಳಗೆ ಹತ್ತು ಹನ್ನೆರಡು ಗುಲಾಬಿ ಗಿಡ ಇದ್ದವು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ರಸ್ತೆಯಲ್ಲಿ ಜನ ಓಡಾಡುವಾಗಲೇ, ಇಸ್ತ್ರಿ ಮಾಡಿದ ಪಂಚೆ ಉಟ್ಟು, ಫಿಲ್ಟರ್ ಹಿಡಿದು ಹೊರಗೆ ಬಂದು, ಒಂದೊಂದು ದಿನ ಒಂದೊಂದು ಗಿಡದ ಬುಡಕ್ಕೆ ಟಣ್ ಟಣ್ ಎಂದು ಕುಟ್ಟಿ ಸುರಿಯುತ್ತಿದ್ದರು. ಯಾರಾದರೂ ನಿಂತು ನೋಡಿದರೆ ಸಾಕು: "ನಮ್ಮ ಗುಲಾಬಿ ಕಾಫಿ ಕುಡಿಯುತ್ತೆ ಕಣ್ರೀ. ಅದಕ್ಕೇ ಈ ಬಣ್ಣ." ನಿಜ ಹೇಳಬೇಕು, ಹೂ ಮಾತ್ರ ಅದ್ಭುತವಾಗಿದ್ದವು. ಮುಷ್ಟಿಯಷ್ಟು ದಪ್ಪ, ಎಂಟು ದಿನ ಬಾಡುತ್ತಿರಲಿಲ್ಲ. ರಸ್ತೆಯವರೆಲ್ಲ ನಂಬಿದ್ದರು. ನಾನೂ ನಂಬುತ್ತಿದ್ದೆನೇನೋ, ಪಡಸಾಲೆಯ ಪಕ್ಕದ ಗೋಡೆಯ ಕಿಟಕಿ ಹಿತ್ತಲ ಕಡೆಗೆ ತೆರೆಯದಿದ್ದಿದ್ದರೆ.

ಆ ಮನೆಯಲ್ಲಿ ನರಸಮ್ಮ ಅಂತ ಒಬ್ಬಾಕೆ ಕೆಲಸಕ್ಕೆ ಬರುತ್ತಿದ್ದಳು. ನಡುವಯಸ್ಸು, ತೆಳ್ಳಗಿನ ಮೈ, ಹರಿತವಾದ ನಾಲಿಗೆ. ಮನೆಮಾತು ತೆಲುಗು, ನಮ್ಮ ಜೊತೆ ಕನ್ನಡ, ತನ್ನ ಜೊತೆ ತೆಲುಗು. ಮುಖ್ಯ ಕೆಲಸ ಪಡಸಾಲೆಯ ಮೂಲೆಯಲ್ಲಿ ರಾಟೆಯ ಮುಂದೆ ಕೂತು ರೇಷ್ಮೆ ಎಳೆಯನ್ನು ಕಂಡಿಕೆಗೆ, ಅಂದರೆ ಮಗ್ಗದ ಲಾಳಿಯೊಳಗೆ ಇಡುವ ಪುಟ್ಟ ಕೊಳವೆಗೆ, ಸುತ್ತುವುದು; ಅದರ ಜೊತೆಗೆ ಅಂಗಳ ಗುಡಿಸುವುದು, ಗಿಡಕ್ಕೆ ನೀರು ಬಿಡುವುದು. ಗಿಡ ಅಂದರೆ ಆಕೆಗೆ ಪ್ರೀತಿ ಇತ್ತು ಅಂತ ನೀವು ಭಾವಿಸಬೇಡಿ. ನಾನು ಕೇಳಿಸಿಕೊಂಡ ಹಾಗೆ ಆಕೆ ಆ ಗುಲಾಬಿಗಳನ್ನು "ಈ ಮುಳ್ಳಿನ ಮುಂಡೇವು" ಅಂತಲೇ ಕರೆಯುತ್ತಿದ್ದಳು.

ಭಾವ ಸುರಿದ ಚರಟ ಎರಡು ದಿನ ಬಿಸಿಲಿಗೆ ಒಣಗಿದರೆ ಬುಡದ ಮೇಲೆ ಹಪ್ಪಳದ ಹಾಗೆ ಗಟ್ಟಿ ಕಟ್ಟುತ್ತಿತ್ತು. ಮೇಲೆ ನೀರು ಬಿಟ್ಟರೆ ಒಳಗೆ ಇಳಿಯದೆ ಜಾರಿ, ಅಂಗಳದ ಕಲ್ಲಿನ ಮೇಲೆ ಕಂದು ಬಣ್ಣದಲ್ಲಿ ಹರಿಯುತ್ತಿತ್ತು. ಕಲ್ಲು ತೊಳೆಯಬೇಕಾದವಳು ನರಸಮ್ಮ. ಚರಟ ಒದ್ದೆಯಾಗಿದ್ದರೆ ಬಿಳಿ ಬೂಷ್ಟು ಹಿಡಿದು ಸಣ್ಣ ನೊಣ ಏಳುತ್ತಿದ್ದವು. ಅಕ್ಕ ಬೈಯುತ್ತಿದ್ದುದು ನರಸಮ್ಮನನ್ನು. ಹೀಗಾಗಿ ಆಕೆ ತನ್ನ ಕೆಲಸ ಕಡಿಮೆ ಮಾಡಿಕೊಳ್ಳಲು ಒಂದು ದಾರಿ ಕಂಡುಕೊಂಡಿದ್ದಳು. ಭಾವ ಊಟ ಮಾಡಿ ಮಲಗಿದ ಮೇಲೆ, ಬುಡದ ಚರಟವನ್ನೆಲ್ಲ ತೆಂಗಿನ ಚಿಪ್ಪಿನಿಂದ ಕೆರೆದು ತೆಗೆದು, ಹಿತ್ತಲಲ್ಲಿ ತೋಡಿದ ಗುಂಡಿಗೆ ಹಾಕುತ್ತಿದ್ದಳು. ಅದರ ಮೇಲೆ ಗುಡಿಸಿದ ಬೇವಿನ ಎಲೆ, ಶೇಂಗಾ ಸಿಪ್ಪೆ. ತಳಕು ಎಂಬ ಊರಿನ ಹತ್ತಿರ ಆಕೆಯ ತಂಗಿಯ ಮನೆ, ಅವರದು ಕುರಿ ಇದ್ದ ಸಂಸಾರ. ಅಲ್ಲಿಗೆ ಹೋದಾಗಲೆಲ್ಲ ಒಂದು ಚೀಲ ಕುರಿಗೊಬ್ಬರ ಬಸ್ಸಿಗೆ ಹಾಕಿಕೊಂಡು ಬರುತ್ತಿದ್ದಳು. ಕಂಡಕ್ಟರ್ ಮೂಗು ಮುಚ್ಚಿಕೊಂಡು ಜಗಳಕ್ಕೆ ಬಂದರೆ, "ನಿನ್ನ ಬಸ್ಸಿನ ವಾಸನೆಗಿಂತ ಇದೇ ವಾಸಿ, ನಡಿಯಪ್ಪ" ಅಂದಳಂತೆ. ಎಲ್ಲ ಸೇರಿ ಆರೇಳು ತಿಂಗಳು ಗುಂಡಿಯಲ್ಲಿ ಕೊಳೆತು, ಕಪ್ಪಗೆ ಉದುರುದುರಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದ ಮೇಲೆ, ಗಿಡಕ್ಕೆ ಎರಡೆರಡು ಬೊಗಸೆ ಹಾಕಿ ಮಣ್ಣು ಮುಚ್ಚುತ್ತಿದ್ದಳು.

ಭಾವನ ಗುಲಾಬಿ ಕುಡಿಯುತ್ತಿದ್ದ ಕಾಫಿ ಇದು.

ನಾನು ಕಿಟಕಿಯಿಂದ ಇದನ್ನೆಲ್ಲ ನೋಡಿದ್ದೆ. ಒಂದು ದಿನ ಹೋಗಿ ಕೇಳಿಯೂ ಇದ್ದೆ, "ಭಾವನಿಗೆ ಹೇಳಬಾರದಾ ನರಸಮ್ಮ?" ಅಂತ. ಆಕೆ ಚಿಪ್ಪು ನಿಲ್ಲಿಸದೆ, "ಸಾವ್ಕಾರ್ರಿಗೆ ಖುಷಿ ಐತೆ, ಗಿಡಕ್ಕೆ ಗೊಬ್ಬರ ಐತೆ, ನಂಗೆ ಕಲ್ಲು ತೊಳೆಯೋದು ತಪ್ಪೈತೆ. ಯಾರಿಗೆ ಏನಾಗೈತೆ ಈಗ?" ಅಂದಳು. ಸರಿಯಾದ ಮಾತು. ಯಾರಿಗೂ ಏನೂ ಆಗಿರಲಿಲ್ಲ, ನಾನು ಪೆನ್ನು ಹಿಡಿಯುವ ತನಕ.

ಆ ವರ್ಷ ಊರಿನ ಕೆಲವರು ಸೇರಿ ಹೂವಿನ ಪ್ರದರ್ಶನ ಇಟ್ಟರು. ಭಾವನ ಗುಲಾಬಿಗೆ ಮೊದಲನೇ ಬಹುಮಾನ. ಬಹುಮಾನ ಪಡೆದವರು ನಾಲ್ಕು ಮಾತು ಆಡಬೇಕು ಅಂತ ಮೊದಲೇ ಹೇಳಿಕಳಿಸಿದ್ದರು. ಭಾವ ನನ್ನನ್ನು ಕರೆದರು. "ಲೇ, ನೀನು ಓದಿದೋನು. ಒಂಚೂರು ವಿಜ್ಞಾನ ಹಾಕಿ ಬರೆದುಕೊಡೋ." ಜೊತೆಗೆ, "ಪ್ರದರ್ಶನ ಮುಗೀಲಿ, ಏಜೆನ್ಸಿಯವರ ಹತ್ರ ಹೋಗಿಬರೋಣ" ಅಂತ ಒಂದು ಬೆಲ್ಲದ ಚೂರು.

ಎರಡು ದಿನ ಕೂತು ಬರೆದೆ. ಬರೆಯುವಾಗ ನನಗಾದ ಸಂತೋಷ ಹೇಳತೀರದು. ಮೂರು ವರ್ಷ ಓದಿದ್ದು ಎಲ್ಲೂ ಉಪಯೋಗಕ್ಕೆ ಬಂದಿರಲಿಲ್ಲ, ಈಗ ಬಂತು. ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲ ಸಾಲಾಗಿ ನಿಂತವು. ಗುಂಡಿಯ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. ಸೇರಿಸಿ ನೋಡಿದೆ. ಸಾವ್ಕಾರರು ಬೆಳಿಗ್ಗೆ ಸುರಿದದ್ದನ್ನು ಮಧ್ಯಾಹ್ನ ಕೆಲಸದವಳು ಕೆರೆದು ತೆಗೆದು, ಬಸ್ಸಿನಲ್ಲಿ ತಂದ ಕುರಿಗೊಬ್ಬರದ ಜೊತೆ ಕೊಳೆಸುತ್ತಾಳೆ ಎಂಬ ವಾಕ್ಯ ಸಭೆಗೆ ಶೋಭೆಯಲ್ಲ ಅನ್ನಿಸಿತು. ಹೊಡೆದುಹಾಕಿದೆ. ಅದರ ಜಾಗದಲ್ಲಿ ಬರೆದೆ: "ಬೇರಿಗೆ ನೇರವಾಗಿ ಉಣಿಸಿ. ದಪ್ಪಗೆ ಉಣಿಸಿ. ಮೂರೇ ತಿಂಗಳಲ್ಲಿ ನಿಮ್ಮ ಅಂಗಳ ನಂದನವನ." ಆ 'ದಪ್ಪಗೆ' ಅನ್ನುವ ಮಾತಿಗೆ ಯಾವ ಆಧಾರವೂ ಇರಲಿಲ್ಲ. ಕಿವಿಗೆ ಚೆನ್ನಾಗಿ ಕೇಳುತ್ತದೆ ಅಂತ ಹಾಕಿದೆ, ಅಷ್ಟೇ.

ಭಾವ ಅದನ್ನು ಓದಿದ ಠೀವಿಯನ್ನು ನೀವು ನೋಡಬೇಕಿತ್ತು. ಹೆಗಲ ಮೇಲೆ ಜರಿ ಶಲ್ಯ, ಒಂದು ಕೈ ಮೈಕಿನ ಮೇಲೆ. ಸಾರಜನಕ ಎಂಬಲ್ಲಿ 'ಸಾರ್ವಜನಿಕ' ಅಂದರು. ಯಾರಿಗೂ ಗೊತ್ತಾಗಲಿಲ್ಲ, ಚಪ್ಪಾಳೆ ಬಿತ್ತು. ನಾನು ಹಿಂದಿನ ಸಾಲಿನಲ್ಲಿ ಕೂತು ಒಳಗೊಳಗೇ ನಗುತ್ತಿದ್ದೆ. ಭಾವನಂಥ ದಡ್ಡ, ಚಪ್ಪಾಳೆ ತಟ್ಟುವ ಈ ದಡ್ಡರು, ಇವರ ನಡುವೆ ನಾನೊಬ್ಬ ಬುದ್ಧಿವಂತ ಅಂತ. ತಿರಸ್ಕಾರದಲ್ಲಿ ಒಂದು ಸುಖ ಇದೆ ನೋಡಿ. ಅದಕ್ಕೆ ಏನನ್ನೂ ಮಾಡಬೇಕಾಗಿಲ್ಲ, ಹಿಂದಿನ ಸಾಲಿನಲ್ಲಿ ಕೂತರೆ ಸಾಕು.

ಅದೇ ಸಭೆಯಲ್ಲಿ, ಹೆಂಗಸರ ಕಡೆ, ಮೆಹರ್ ಬೀ ಕೂತಿದ್ದಳು ಅಂತ ನನಗೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಹೂ ಮಾರುತ್ತಿದ್ದವಳು. ಗಂಡನದು ಮೋಟಾರ್ ಸೈಕಲ್ ರಿಪೇರಿಯ ಗ್ಯಾರೇಜು. ಗ್ಯಾರೇಜಿನ ಹಿಂದಿನ ಜಾಗವನ್ನು ಕಲ್ಲು ಆರಿಸಿ, ಮಣ್ಣು ಹೊರಿಸಿ, ಹಸನು ಮಾಡಿ ಅಲ್ಲಿ ಕನಕಾಂಬರ ಹಾಕಿದ್ದಳು. ಅಲ್ಲಿಯವರೆಗೆ ಬೇರೆಯವರಿಂದ ಹೂ ಕೊಂಡು ಕಟ್ಟಿ ಮಾರುತ್ತಿದ್ದವಳಿಗೆ ಸ್ವಂತ ಹೂ ಬೆಳೆಯುವುದು ಆ ವರ್ಷವೇ ಮೊದಲು. ಬೀಜ ಹಾಕಿ ಎಬ್ಬಿಸಿದ ಸಸಿಗಳು, ಗೇಣುದ್ದ ಬಂದಿದ್ದವು.

ಸುಮಾರು ಒಂದೂವರೆ ತಿಂಗಳಾದ ಮೇಲೆ, ಬೆಳಿಗ್ಗೆ ನಾವು ಪಡಸಾಲೆಯಲ್ಲಿ ಕೂತಿದ್ದಾಗ ಆಕೆ ಬಂದಳು. ಕೈಯಲ್ಲೊಂದು ತಟ್ಟೆ, ತಟ್ಟೆಯ ತುಂಬ ಒಣಗಿದ ಸಸಿ. ಬಾಗಿಲ ಹೊರಗೇ ನಿಂತು, "ಸಾವ್ಕಾರ್ರೆ, ನೀವು ಮೈಕಿನಾಗೆ ಹೇಳಿದಂಗೇ ಮಾಡಿದೆ. ನಾಕು ಹೋಟ್ಲು ತಿರುಗಿ ದಿನಾ ಚರಟ ತಂದೆ. ದಪ್ಪಗೆ ಹಾಕಿ ಅಂದ್ರಲ್ಲ, ದಪ್ಪಗೇ ಹಾಕಿದೆ. ಎಲ್ಲ ಹಿಂಗಾತು" ಅಂದಳು. ಜಗಳದ ದನಿಯಲ್ಲ ಅದು. ತನ್ನದೇ ಏನೋ ತಪ್ಪಾಗಿದೆ, ಯಾವ ತಪ್ಪು ಅಂತ ತಿಳಿದುಕೊಳ್ಳಲು ಬಂದವಳ ದನಿ. ಅದೇ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಡಸಾಲೆಯಲ್ಲಿ ಆಗ ಹೊರಗಿನ ಗಿರಾಕಿಗಳಿದ್ದರು. ಭಾವನ ಮುಖ ಬಿಗಿಯಿತು. "ಯಾವ ಹೋಟ್ಲು ಕಾಫಿ ಅದು?" ಅಂದರು. "ಹೋಟ್ಲು ಪುಡೀಲಿ ಅರ್ಧಕ್ಕರ್ಧ ಚಿಕೋರಿ ಇರುತ್ತೆ ಕಣಮ್ಮ. ಚಿಕೋರಿ ಬೇರು ಸುಡುತ್ತೆ. ಅದಕ್ಕೆ ನಾನು ಹೊಣೆಯಾ?" ಆಮೇಲೆ ನನ್ನ ಕಡೆ ತಿರುಗಿದರು. "ಏನಯ್ಯ, ನೀನು ಓದಿದೋನು. ಹೌದೋ ಅಲ್ಲವೋ ಹೇಳು."

ಎಲ್ಲರೂ ನನ್ನನ್ನೇ ನೋಡಿದರು. ಮೆಹರ್ ಬೀ ತಟ್ಟೆಯನ್ನು ನನಗೆ ಕಾಣುವ ಹಾಗೆ ಸ್ವಲ್ಪ ಎತ್ತಿ ಹಿಡಿದಳು. ಸಸಿಗಳ ಬುಡದಲ್ಲಿ ಇನ್ನೂ ಕಂದು ಹಪ್ಪಳದ ಚೂರು ಅಂಟಿತ್ತು. ಚಿಕೋರಿ ಬೇರು ಸುಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಹಸಿ ಚರಟ ಎಳೆ ಬೇರನ್ನು ಬೆಳೆಯಗೊಡುವುದಿಲ್ಲ, ಗಟ್ಟಿ ಕಟ್ಟಿದರೆ ಕೆಳಗೆ ನೀರೂ ಗಾಳಿಯೂ ಇಳಿಯುವುದಿಲ್ಲ, ಅದೂ ಗೊತ್ತಿತ್ತು. ಹಿತ್ತಲ ಗುಂಡಿಯಂತೂ ನಾನು ಕೂತಲ್ಲಿಂದ ಹತ್ತೇ ಹೆಜ್ಜೆ.

"ಹೌದು," ಅಂದೆ. "ಚಿಕೋರಿ ಇರಬಹುದು."

ಮೂಲೆಯಲ್ಲಿ ರಾಟೆಯ ಸದ್ದು ನಿಂತಿತು.

ನರಸಮ್ಮ ಎದ್ದಳು. ಸೀರೆಗೆ ಅಂಟಿದ ರೇಷ್ಮೆ ಎಳೆಗಳನ್ನು ನಿಧಾನವಾಗಿ ಬಿಡಿಸಿಕೊಂಡಳು; ಒಂದೆಳೆಯೂ ಹಾಳಾಗದ ಹಾಗೆ ರಾಟೆಗೆ ಸುತ್ತಿಟ್ಟಳು. "ಚಿಕೋರಿನೂ ಇಲ್ಲ, ಗಿಕೋರಿನೂ ಇಲ್ಲ" ಅಂದಳು. "ಸಾವ್ಕಾರ್ರು ಬೆಳಿಗ್ಗೆ ಹಾಕಿದ್ದನ್ನ ನಾನು ಮಧ್ಯಾಹ್ನ ಕೆರೆದು ತೆಗೀತೀನಿ. ಆರು ವರ್ಷ ಆತು. ಗುಂಡೀಲಿ ಹಾಕಿ, ಕುರಿಗೊಬ್ಬರ ಕೂಡಿಸಿ, ಕೊಳೆಸಿ ಹಾಕ್ತೀನಿ. ಹಸೀದು ಹಾಕಿದ್ರೆ ಗುಲಾಬಿನೂ ಹಿಂಗೇ ತಟ್ಟೇಲಿ ಬರ್ತಿತ್ತು. ಬಾರಮ್ಮ ಹಿಂದಕ್ಕೆ, ತೋರಿಸ್ತೀನಿ."

ಗಿರಾಕಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಭಾವನ ಕಿವಿ ಕೆಂಪಾಯಿತು. "ನರಸಮ್ಮ, ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ" ಅಂದರು.

"ನಾಳೆ ಯಾಕೆ? ಇವತ್ತೇ ಹೋಗ್ತೀನಿ. ಗುಂಡಿ ಮಾತ್ರ ನಂದು. ನಾನು ತೋಡಿದ್ದು, ನಮ್ಮ ತಂಗಿ ಕುರಿಗಳು ಹಾಕಿದ್ದು. ಅದನ್ನ ಬಿಟ್ಟುಹೋಗಲ್ಲ."

ಆಮೇಲೆ ನಡೆದದ್ದನ್ನು ನಾನು ಅದೇ ಕಿಟಕಿಯಿಂದ ನೋಡಿದೆ. ಇಬ್ಬರು ಹೆಂಗಸರೂ ಗುಂಡಿಗೆ ಇಳಿದು ಕಪ್ಪು ಗೊಬ್ಬರವನ್ನು ಕೈಯಿಂದಲೇ ತೋಡುತ್ತಿದ್ದರು. ತುಂಬಿಕೊಳ್ಳಲು ಏನೂ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಭಾವನ ಮಾತಿಗೆ ಎದುರಾಡದ ನನ್ನ ಅಕ್ಕ, ಅಡಿಗೆಮನೆಯಿಂದ ಎರಡು ದೊಡ್ಡ ಬುಟ್ಟಿ ತಂದು ಅವರ ಪಕ್ಕ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಹೋಗುವಾಗ ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು. ನಾನು ಪರದೆ ಎಳೆದುಕೊಂಡೆ.

ಏಜೆನ್ಸಿ ನನಗೆ ಸಿಕ್ಕಿತು. ಭಾವ ಆಡಿದ ಮಾತು ನಡೆಸಿಕೊಡುವ ಮನುಷ್ಯ, ಅದರಲ್ಲಿ ಕೊರತೆ ಹೇಳುವ ಹಾಗಿಲ್ಲ. ಚಳ್ಳಕೆರೆಗೆ ಬಂದು ಅಂಗಡಿ ಹಾಕಿದೆ. ಭಾವ ಅತ್ತ ದಿನಾ ಬೆಳಿಗ್ಗೆ ಟಣ್ ಟಣ್ ಎಂದು ಚರಟ ಕುಟ್ಟುವುದನ್ನು ಬಿಡಲಿಲ್ಲ. ಈಗ ಮಧ್ಯಾಹ್ನ ಕೆರೆಯುವವರಿರಲಿಲ್ಲ. ಎರಡು ವರ್ಷದೊಳಗೆ ಗುಲಾಬಿಗಳು ಒಂದೊಂದಾಗಿ ಕಡ್ಡಿಯಾದವು. ಬೋರ್‌ವೆಲ್ ನೀರು ಸರಿಯಿಲ್ಲ ಅಂದರು ಭಾವ. ಆಮೇಲೆ ಎದುರುಮನೆಯವರ ದೃಷ್ಟಿ ಅಂದರು. ಕೊನೆಗೆ ಆ ಜಾಗಕ್ಕೆ ಟೈಲ್ಸ್ ಹಾಕಿಸಿದರು. ಈಗ ಅವರ ಕೈಗೆ ಫೋನ್ ಬಂದಿದೆ. ವಾರಕ್ಕೊಮ್ಮೆಯಾದರೂ ಚರಟದ ಮಹಿಮೆ ಸಾರುವ ವಿಡಿಯೋ ನನಗೆ ಕಳಿಸುತ್ತಾರೆ. ನೋಡಿ ನಗುತ್ತೇನೆ. ಅಂಗಡಿಯಲ್ಲೂ ಅಷ್ಟೆ, ಕಾಫಿ ಚರಟ, ಈರುಳ್ಳಿ ಸಿಪ್ಪೆ, ಮೊಟ್ಟೆ ಚಿಪ್ಪು ಅಂತ ಯಾರು ಬಾಯಿ ತೆರೆದರೂ ನನ್ನ ನಗು ಸಿದ್ಧ. ಕೃಷಿ ಪಂಡಿತ, ಆದರೆ ಬಾಯಿ ಕೆಟ್ಟದ್ದು ಅಂತ ನನಗೆ ಊರಲ್ಲಿ ಹೆಸರೂ ಬಂದಿದೆ. ಎರಡರಲ್ಲಿ ಒಂದು ನಿಜ.

ಆ ಹೆಣ್ಣುಮಗಳು ಪೊಟ್ಟಣ ಎತ್ತಿಕೊಂಡು ಹೋದ ನಾಲ್ಕನೇ ದಿನಕ್ಕೆ ಅಕ್ಕನ ಮೊಮ್ಮಗಳ ನಾಮಕರಣ. ಬೆಳಿಗ್ಗೆಯೇ ಮೊಳಕಾಲ್ಮೂರಿಗೆ ಹೋದೆ. ಕಾಲು ತೊಳೆದು ಒಳಗೆ ಬರುತ್ತಿದ್ದ ಹಾಗೇ ಅಕ್ಕ, "ಹೂ ತರಬೇಕು, ಗ್ಯಾರೇಜ್ ಹಿಂದಿನ ತೋಟದಿಂದ" ಅಂದಳು. ಮನೆ ತುಂಬ ಜನ, ಯಾರನ್ನಾದರೂ ಕಳಿಸಬಹುದಿತ್ತು. "ನೀನೇ ಹೋಗು" ಅಂದಳು. ಇಷ್ಟು ವರ್ಷದಲ್ಲಿ ಆ ದಿನದ ಬಗ್ಗೆ ಅಕ್ಕ ನನ್ನ ಹತ್ತಿರ ಆಡಿದ ಮಾತು ಅದೊಂದೇ.

ಗ್ಯಾರೇಜು ದಾಟಿ ಹಿಂದಕ್ಕೆ ಹೋದರೆ, ಕಣ್ಣು ಕುಕ್ಕುವ ಹಾಗೆ ಕನಕಾಂಬರ. ಹಿಂದಿನ ಬಯಲಿನ ತನಕ ಹಬ್ಬಿತ್ತು ಸಾಲು. ಚಪ್ಪರದ ನೆರಳಲ್ಲಿ ಇಬ್ಬರು ಕೂತು ಹೂ ಕಟ್ಟುತ್ತಿದ್ದರು. ಮೆಹರ್ ಬೀಯ ಕೂದಲು ಬೆಳ್ಳಗಾಗಿತ್ತು. ಇನ್ನೊಬ್ಬಳು ನರಸಮ್ಮ; ಆ ದಿನದಿಂದ ಆಕೆ ಇಲ್ಲೇ ಇದ್ದಾಳೆ ಅಂತ ಕೇಳಿದ್ದೆ. ಆಕೆ ತಲೆಯೆತ್ತಿ ಕಣ್ಣು ಕಿರಿದು ಮಾಡಿ ನೋಡಿ, ಪಕ್ಕದವಳಿಗೆ ಹೇಳಿದಳು: "ಚಿಕೋರಿ ವಚ್ಚಿನಾಡು."

ಚಿಕೋರಿ ಬಂದಿದ್ದಾನೆ!

"ಅರೆ, ಹೌದು! ಚಿಕೋರಿ ಭಾಯಿ!" ಅಂತ ಮೆಹರ್ ಬೀ ಬಾಯಿತುಂಬ ನಕ್ಕಳು. "ಕೂತ್ಕೊಳ್ಳಿ ಭಾಯಿ, ಬೇಜಾರು ಮಾಡ್ಕೋಬೇಡಿ. ನಮ್ಮ ತೋಟದಾಗೆ ಯಾವ ಗಿಡ ಒಣಗಿದ್ರೂ 'ಚಿಕೋರಿ ಆತು' ಅಂತೀವಿ. ಮಾತು ರೂಢಿ ಆಗೈತೆ." ಊರೆಲ್ಲ ನೋಡಿ ನಗುತ್ತ ಬಂದವನ ಹೆಸರು ಹಿಡಿದು ಇಲ್ಲಿ ಇಬ್ಬರು ದಿನಾ ನಗುತ್ತಿದ್ದರು. ಅವರದು ನನ್ನ ಹಾಗೆ ತಿರಸ್ಕಾರದ ನಗುವೂ ಅಲ್ಲ. ಕೆಲಸದ ನಡುವೆ ಬಂದುಹೋಗುವ ನಗು.

ನಿಂತೇ ಇದ್ದೆ. "ನರಸಮ್ಮ, ಆವತ್ತು ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ. ಆ ಭಾಷಣ ಬರೆದವನೂ ನಾನೇ" ಅಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬೇರೆ ಇತ್ತು, ಬಾಯಿಗೆ ಬಂದದ್ದು ಇಷ್ಟು.

ಆಕೆ ದಾರವನ್ನು ಹಲ್ಲಲ್ಲಿ ಕಡಿದಳು. "ಗೊತ್ತು. ರಾಟೆ ಮುಂದೆ ಕೂತೋಳಿಗೆ ನಿನ್ನ ಮುಖ ನೆಟ್ಟಗೆ ಕಾಣ್ತಿತ್ತು. ಸಾವ್ಕಾರ್ರ ಮೇಲೆ ನಂಗೆ ಸಿಟ್ಟಿಲ್ಲಪ್ಪ. ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದೇ ಹೇಳಿದ್ರು. ನೀನು ಹಂಗಲ್ಲ." ಅಷ್ಟು ಹೇಳಿ ಮತ್ತೆ ಹೂವಿಗೆ ಕೈ ಹಾಕಿದಳು. ಕ್ಷಮಿಸಿದೆ ಅನ್ನಲಿಲ್ಲ. ನಾನು ಕೇಳುವ ಹಾಗೂ ಇರಲಿಲ್ಲ.

ಮೆಹರ್ ಬೀ ನನಗಾಗಿ ಹೂ ಅಳೆದು ಬಾಳೆಲೆಗೆ ಸುತ್ತುತ್ತ, "ಭಾಯಿ, ಹೆಂಗೂ ಬಂದಿದ್ದೀರಿ. ಮೂಡಲ ಕಡೆ ಎರಡು ಸಾಲು ಹಳದಿ ಆಗ್ತಾ ಐತೆ. ಗೊಬ್ಬರ ಐತೆ, ನೀರು ಐತೆ, ಆದ್ರೂ ಬಾಡ್ತೈತೆ. ನಿಮ್ದು ಔಷಧಿ ಅಂಗಡಿ ಅಂತಲ್ಲ, ಏನದು ಹೇಳಿ?" ಅಂದಳು.

ಹೋಗಿ ನೋಡಿದೆ. ಎಲೆ ಕಂಡ ತಕ್ಷಣ ನನ್ನ ನಾಲಿಗೆಯ ತುದಿಗೆ ನಾಲ್ಕು ಬಾಟಲಿಯ ಹೆಸರು ಬಂದು ನಿಂತವು. ಅಂಗಡಿಯಲ್ಲಾದರೆ ಗಿರಾಕಿ ಮಾತು ಮುಗಿಸುವುದರೊಳಗೆ ಒಂದನ್ನು ಇಳಿಸಿ ಕೌಂಟರಿನ ಮೇಲೆ ಇಟ್ಟಿರುತ್ತಿದ್ದೆ. ಇಬ್ಬರೂ ಕಾಯುತ್ತಿದ್ದರು. ನರಸಮ್ಮ ಕೈಯ ಹೂ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ," ಅಂದೆ. "ಬೇರು ನೋಡಬೇಕು."

ನರಸಮ್ಮ ಎದ್ದು ಬಂದು ಮಣ್ಣು ಕೆದಕುವ ಸಣ್ಣ ಗುದ್ದಲಿ ನನ್ನ ಕೈಗೆ ಕೊಟ್ಟಳು. ಜರಿ ಅಂಚಿನ ಪಂಚೆ ಎತ್ತಿ ಕಟ್ಟಿಕೊಂಡು ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತೆ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೂ ಎಲ್ಲಿ ಅಂತ ಮನೆಯಿಂದ ಇರಬೇಕು. ಗಿಡದಿಂದ ಗೇಣು ದೂರಕ್ಕೆ ಮೊದಲ ಏಟು ಹಾಕಿದೆ.

"ಅಷ್ಟು ಹತ್ತಿರ ಬೇಡ," ಅಂದಳು ನರಸಮ್ಮ ತಲೆಯ ಮೇಲಿಂದ. "ಇನ್ನೂ ಆಚೆಯಿಂದ ಅಗಿ."

ಆಚೆಗೆ ಸರಿದು ಕೂತು, ಅಗಿಯತೊಡಗಿದೆ.